ವರ್ಲೀನ್ ಮತ್ತು ಎಂಟು ಮನೆಗಳ ಸೂರು

ಕೊಲ್ಲಿಯ ದಂಡೆಯ ಶೋವೆನ್ ಊರಿನಲ್ಲಿ, ಬಯೂ ಎಂದು ಕರೆಯುವ ಮಂದ ಹೊಳೆಯ ನೀರಿಗೆ ಅಂಟಿಕೊಂಡೇ ಸಾಗುವ ರಸ್ತೆಯಲ್ಲಿ ವರ್ಲೀನ್ ಪೆಲೆಗ್ರಿನಳ ಮನೆ ಯಾವುದೆಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಆ ರಸ್ತೆಯ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿಯ ಕೂದಲು ಕತ್ತರಿಸುವವಳು, ಸುರುಳಿ ಸುತ್ತುವವಳು, ಬಣ್ಣ ಹಾಕುವವಳು ಅವಳೇ. ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಮನೆ. ಮುಂದಿನ ಕೋಣೆಯೇ ಪಾರ್ಲರು. ಅಷ್ಟು ಮೆಟ್ಟಿಲು ಹತ್ತಿ ಬಂದ ಮುದುಕಿಯರು ಮೊದಲು ವರ್ಲೀನಳಿಗೆ ಬೈದು, ಆಮೇಲೆ ಕುರ್ಚಿಯಲ್ಲಿ ಕೂರುವುದು ವಾಡಿಕೆ.

ವರ್ಲೀನಳ ಅಪ್ಪ ಸಿಗಡಿ ಹಿಡಿಯುವ ದೋಣಿಯವನು. ಹುಡುಗಿಯಾಗಿದ್ದಾಗಲೇ ಅವಳು ಅಪ್ಪನ ದೋಣಿಯ ಕೆಲಸಗಾರರ ತಲೆಗೂದಲನ್ನು ಬಲೆ ಕತ್ತರಿಸುವ ಕತ್ತರಿಯಿಂದಲೇ ಕತ್ತರಿಸುತ್ತಿದ್ದಳು. ದೋಣಿ ತೂಗಿದಾಗ ಒಬ್ಬಿಬ್ಬರ ಕಿವಿಗೆ ಗಾಯವಾದದ್ದೂ ಉಂಟು. ಆ ಗಾಯ ಮಾಡಿಸಿಕೊಂಡವರಲ್ಲಿ ಒಬ್ಬ ವಿಟ್ನಿ ಪೆಲೆಗ್ರಿನ್. ಅವನನ್ನೇ ಅವಳು ಮದುವೆಯಾದಳು. ವಿಟ್ನಿ ಈಗ ನದಿಯ ಮೇಲೆ ದೊಡ್ಡ ದೊಡ್ಡ ಸರಕು ದೋಣಿಗಳನ್ನು ದೂಡಿಕೊಂಡು ಹೋಗುವ ಟಗ್ ಬೋಟಿನಲ್ಲಿ ಕೆಲಸ ಮಾಡುತ್ತಾನೆ. ಎರಡು ವಾರ ನೀರಿನ ಮೇಲೆ, ಎರಡು ವಾರ ಮನೆಯಲ್ಲಿ. ಅವನು ಇಲ್ಲದ ಎರಡು ವಾರವೂ ಅವನ ತಾಯಿ, ಊರಿಗೆಲ್ಲ ಮೆಮೇರ್, ಅಂದರೆ ಅಜ್ಜಿ, ಆದ ಎನೊಲಿಯಾ, ಪಾರ್ಲರಿನ ಕಿಟಕಿಯ ಪಕ್ಕ ಕೂತು, ಬಂದವರ ತಲೆಯ ಬಗ್ಗೆಯೂ ತಲೆಯೊಳಗಿನದರ ಬಗ್ಗೆಯೂ ಅಭಿಪ್ರಾಯ ಹೇಳುತ್ತಿರುತ್ತಾಳೆ. ಎಂಬತ್ತು ದಾಟಿದ ಮೆಮೇರ್‌ಗೆ ಕಿವಿ ಮಂದ. ನಾಲಿಗೆ ಮಾತ್ರ ಚುರುಕು.

ಆ ವರ್ಷ ಜೂನ್ ತಿಂಗಳಲ್ಲಿ, ಚಂಡಮಾರುತದ ಕಾಲ ಶುರುವಾಗುವ ಹೊತ್ತಿಗೆ ಸರಿಯಾಗಿ, ಮನೆ ವಿಮೆಯ ಕಂಪನಿಯವರು ಆಗಸ್ಟ್ ಕೊನೆಗೆ ಪಾಲಿಸಿ ಮುಗಿಯುತ್ತದೆ, ಮತ್ತೆ ಮುಂದುವರಿಸುವುದಿಲ್ಲ ಎಂದು ತಿಳಿಸಿದರು. ವರ್ಲೀನ್ ಕೈಯಲ್ಲಿದ್ದ ಬಾಚಣಿಗೆಯನ್ನು ಕುರ್ಚಿಯಲ್ಲಿ ಕೂತಿದ್ದ ಓಡಲೀ ಲಿರೆಟ್‌ಳ ಕೂದಲಲ್ಲೇ ಸಿಕ್ಕಿಸಿ ಫೋನ್ ಹಚ್ಚಿದಳು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಎಲ್ಲಿಂದಲೋ ಒಂದು ಎಳೆಯ ದನಿ ಮಾತಾಡಿತು.

"ನಿಮ್ಮನೆ ಸೂರು ಇನ್ನೂ ರಿಪೇರಿ ಆಗಿಲ್ಲ ಮೇಡಂ. ವಿಮಾನದಿಂದ ತೆಗ್ದಿರೋ ಫೋಟೋದಲ್ಲಿ ನೀಲಿ ಟಾರ್ಪಾಲ್ ಕಾಣ್ತಿದೆ."

"ನೀಲಿ ಟಾರ್ಪಾಲಾ? ನನ್ ಸೂರಿನ್ ಮೇಲಾ? ದಿನಾ ಅದರ ಕೆಳಗೇ ಮಲಗ್ತೀನಲ್ಲಪ್ಪ, ನಂಗೇ ಗೊತ್ತಿಲ್ವಲ್ಲ!"

"ಹಿಂಭಾಗದಲ್ಲಿ ಮೇಡಂ. ಮೇ ತಿಂಗಳ ಫೋಟೋ. ಶನಿವಾರದ್ದು."

ವರ್ಲೀನ್ ಬೆರಳು ಮಡಚಿ ತಾರೀಖು ಎಣಿಸಿದಳು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ಆ ಶನಿವಾರ ವಿಟ್ನಿಯ ಹುಟ್ಟುಹಬ್ಬ. ಹಿತ್ತಲಲ್ಲಿ ದೊಡ್ಡ ಹಂಡೆಯಿಟ್ಟು ಕ್ರಾಫಿಶ್ ಎಂಬ ಸಿಹಿನೀರ ಸಿಗಡಿ ಬೇಯಿಸಿ ಊರಿಗೆಲ್ಲ ಬಡಿಸಿದ್ದರು. ಬಿಸಿಲಿಗೆಂದು ಸೂರಿನ ಅಂಚಿನಿಂದ ಓಕ್ ಮರದವರೆಗೆ ಟಾರ್ಪಾಲು ಎಳೆದು ಕಟ್ಟಿದ್ದರು.

"ಅದು ಸೂರಲ್ಲಪ್ಪ, ಪಾರ್ಟಿ! ಸರಿಯಾಗಿ ನೋಡು, ಪಕ್ಕದಲ್ಲಿ ಹಂಡೆ ಕಾಣುತ್ತೆ."

ಕಿಟಕಿಯ ಪಕ್ಕದಿಂದ ಮೆಮೇರ್ ಕೂಗಿದಳು. "ಫೋಟೋದಲ್ಲಿ ನಾನಿದೀನಾ ಕೇಳು. ಅವತ್ತು ಹೊಸಾ ಡ್ರೆಸ್ ಹಾಕಿದ್ದೆ."

ಹುಡುಗ ಒಳ್ಳೆಯವನೇ. ಹಂಡೆಯನ್ನು ಹುಡುಕಿದ. ಮೇಜನ್ನೂ ಗುರುತಿಸಿದ. ಆದರೆ ಕೊನೆಗೆ ಹೇಳಿದ್ದು ಇಷ್ಟು: ಟಾರ್ಪಾಲಿನ ವಿಷಯ ಬಿಟ್ಟರೂ ಕಂಪನಿಯವರು ಊರಿನ ಉತ್ತರಕ್ಕೆ ಹಾದುಹೋಗುವ ದೊಡ್ಡ ಹಡಗು ಕಾಲುವೆಯ ದಕ್ಷಿಣಕ್ಕಿರುವ ಮನೆಗಳನ್ನೆಲ್ಲ ಕೈಬಿಡುತ್ತಿದ್ದಾರೆ. ಅದರಲ್ಲಿ ಅವನ ಕೈಯಲ್ಲಿ ಏನೂ ಇಲ್ಲ. "ಪಾರ್ಟಿ ಚೆನ್ನಾಗಿತ್ತು ಅನ್ಸುತ್ತೆ ಮೇಡಂ," ಎಂದು ಸೇರಿಸಿ ಫೋನಿಟ್ಟ.

"ನಂಗೂ ಅದೇ ಗತಿ ಕಾದಿದೆ ಬಿಡು," ಎಂದಳು ಓಡಲೀ, ತಲೆಯಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡೇ. ಓಡಲೀ ಗಂಡ ಸತ್ತ ಮೇಲೆ ಒಬ್ಬಳೇ ದೋಣಿಯಲ್ಲಿ ಹೋಗಿ ಏಡಿ ಬುಟ್ಟಿಗಳನ್ನು ಎತ್ತಿ ಬರುವ ಗಟ್ಟಿ ಹೆಂಗಸು. ವಿಮೆಯವರ ಮೇಲೆ ಅವಳಿಗೆ ಹಳೆಯ ಸಿಟ್ಟು. ಮೂರು ವರ್ಷದ ಹಿಂದಿನ ಚಂಡಮಾರುತದಲ್ಲಿ ಅವಳ ಅಡುಗೆಮನೆಯ ಗೋಡೆ ಹೋಗಿತ್ತು. ನಮ್ಮ ಕಡೆ ಗಾಳಿಗೆ ಒಂದು ವಿಮೆ, ನೀರಿಗೆ ಬೇರೆ ವಿಮೆ. "ಗಾಳಿಯೋನು ಬಂದು ನೀರು ತಗೊಂಡೋಯ್ತು ಅಂದ. ನೀರಿನೋನು ಬಂದು ಗಾಳಿ ತಗೊಂಡೋಯ್ತು ಅಂದ. ಗೋಡೆ ಇಲ್ಲ ಅನ್ನೋದನ್ನ ಮಾತ್ರ ಇಬ್ರೂ ಒಪ್ಕೊಂಡ್ರು ನೋಡು," ಎಂದು ಅವಳು ಈಗಲೂ ಹೇಳುತ್ತಿರುತ್ತಾಳೆ.

ಮರುದಿನವೇ ವರ್ಲೀನ್ ಹೋಮಾ ಪೇಟೆಗೆ ಹೋಗಿ ವಿಮೆ ಏಜೆಂಟ್ ಟೆಕ್ಲಾ ಬ್ಲಾಂಷಾರ್‌ಳನ್ನು ಕಂಡಳು. ಟೈರ್ ಅಂಗಡಿ ಮತ್ತು ಡೋನಟ್ ಅಂಗಡಿಗಳ ನಡುವೆ ಟೆಕ್ಲಾಳ ಪುಟ್ಟ ಆಫೀಸು. ಒಂದು ಕಡೆಯಿಂದ ರಬ್ಬರು, ಇನ್ನೊಂದು ಕಡೆಯಿಂದ ಸಕ್ಕರೆ, ಎರಡೂ ವಾಸನೆ ಬೆರೆತಿರುತ್ತಿತ್ತು. ಟೆಕ್ಲಾ ಕಂಪ್ಯೂಟರಿನಲ್ಲಿ ಒಂದಾದ ಮೇಲೊಂದು ಕಂಪನಿಯನ್ನು ತೆರೆದಳು. ಒಂದೊಂದಕ್ಕೂ ಶೋವೆನ್ ಎಂದು ಬರೆದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಿತ್ತು.

"ಮಿಸ್ ವರ್ಲೀನ್, ಕಾಲುವೆ ದಾಟಿದ್ರೆ ಇವರು ಚರ್ಚಿಗೂ ಇನ್ಶೂರೆನ್ಸ್ ಕೊಡಲ್ಲ. ಯಾರೂ ಕೊಡದಿದ್ದೋರಿಗೆ ಅಂತ ಸರ್ಕಾರದ ಕಂಪನಿ ಒಂದಿದೆ. ರೇಟ್ ಹೇಳ್ಲಾ, ಕೂತಿದೀರಾ?"

ಹೇಳಿದಳು. ಹಿಂದಿನ ಕಂತಿನ ಎರಡರಷ್ಟಕ್ಕೂ ಮೇಲೆ. ಮನೆಯ ಮೇಲೆ ಬ್ಯಾಂಕಿನ ಸಾಲ ಉಳಿದಿರುವಷ್ಟು ದಿನ ವಿಮೆ ಇಲ್ಲದೆ ಇರುವಂತೆಯೂ ಇಲ್ಲ. ಇವಳು ಮಾಡಿಸದಿದ್ದರೆ ಬ್ಯಾಂಕಿನವರೇ ಮಾಡಿಸಿ ಇವಳ ತಲೆಗೆ ಕಟ್ಟುತ್ತಾರೆ. ಅದು ಇನ್ನೂ ದುಬಾರಿ. ಕಾಯುವುದು ಬ್ಯಾಂಕಿನ ಹಣವನ್ನೇ ಹೊರತು ಇವಳ ಮಂಚ, ಕುರ್ಚಿಗಳನ್ನಲ್ಲ.

"ಬೇರೆ ದಾರೀನೇ ಇಲ್ವಾ, ಶಾ?" ಎಂದಳು ವರ್ಲೀನ್. ಮುದ್ದಿನವರನ್ನೂ, ಸಾಲ ಕೇಳಬೇಕಾದವರನ್ನೂ ಬಯೂ ಕಡೆಯವರು ಶಾ ಎಂದೇ ಕರೆಯುತ್ತಾರೆ.

ಟೆಕ್ಲಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. "ಒಂದಿದೆ. ಒಂದು ಸಣ್ಣ ಕಂಪನಿ ಹೊಸದಾಗಿ ಬಂದಿದೆ. ಸೂರು ಗಟ್ಟಿ ಮಾಡಿಸಿ ಸರ್ಟಿಫಿಕೇಟ್ ತಗೊಂಡಿದ್ರೆ ಕಾಲುವೆ ಆಚೆಗೂ ಕೊಡ್ತಾರೆ, ಅಗ್ಗಕ್ಕೇ ಕೊಡ್ತಾರೆ. ಮಾಮೂಲಿ ಸೂರಲ್ಲ. ಹಳೇದೆಲ್ಲ ಕಿತ್ತು, ಹಲಗೆಗೆ ಎಳೆದ್ರೂ ಕಿತ್ತು ಬರದ ಗೀರುಮೊಳೆ ಹೊಡ್ದು, ಸಂದಿಗೆಲ್ಲ ಅಂಟುಪಟ್ಟಿ ಹಾಕಿ, ಅದರ ಮೇಲೆ ಶಿಂಗಲ್ ಹೆಂಚು ಹಾಸ್ಬೇಕು. ಒಂದೊಂದು ಹಂತಕ್ಕೂ ಪರೀಕ್ಷೆ ಮಾಡೋನು ಬಂದು ಫೋಟೋ ತೆಗೀತಾನೆ."

ಇದಕ್ಕೆ ಸರ್ಕಾರ ಲಾಟರಿ ಎತ್ತಿ ಸಹಾಯಧನ ಕೊಡುವುದೂ ಉಂಟು. ವರ್ಲೀನ್ ಹೆಸರು ಕೊಟ್ಟಳು. ಮೆಮೇರ್ ಒಂದು ವಾರ ಚರ್ಚಿನ ಮಾತೆಯ ಮುಂದೆ ಮೇಣದಬತ್ತಿ ಹಚ್ಚಿದಳು. ಹೆಸರು ಬರಲಿಲ್ಲ. "ಮಾತೆ ಬಿರುಗಾಳಿ ಕೆಲಸ ನೋಡ್ಕೋತಾಳೆ, ಲಾಟರಿ ಕೆಲಸ ನೋಡಲ್ಲ," ಎಂದು ಮೆಮೇರ್ ಮಾತೆಯ ಪರ ವಹಿಸಿದಳು.

ಉಳಿದದ್ದು ವಿಟ್ನಿ ತನ್ನ ಮೀನಿನ ದೋಣಿಗೆ ಹೊಸ ಮೋಟಾರು ಕೊಳ್ಳಲು ಮೂರು ವರ್ಷದಿಂದ ಕೂಡಿಟ್ಟಿದ್ದ ದುಡ್ಡು. ವರ್ಲೀನ್ ಅವನಿಗೆ ಫೋನ್ ಮಾಡಿದಾಗ ಅವನು ಮೆಂಫಿಸ್ ಹತ್ತಿರ ಎಲ್ಲೋ ನದಿಯ ಮಧ್ಯದಲ್ಲಿದ್ದ. ಹಿಂದೆ ಎಂಜಿನ್ನಿನ ಸದ್ದು.

"ಇನ್ಶೂರೆನ್ಸ್ ಅಂದ್ರೆ ಜೂಜು ಕಣೇ. ನಮ್ಮನೆ ಬೀಳುತ್ತೆ ಅಂತ ನಾವೇ ದುಡ್ಡು ಕಟ್ಟೋದು. ಬೀಳದಿದ್ರೆ ಅವರು ಗೆದ್ರು."

"ಮೂರು ವರ್ಷದ ಹಿಂದೆ ಬಿದ್ದಾಗ ಏನಾಯ್ತು ಮರೆತ್ಯಾ? ಮನೆ ರಿಪೇರಿ ಆಗೋವರ್ಗೂ ಹದಿನಾಲ್ಕು ತಿಂಗಳು ಸರ್ಕಾರ ಕೊಟ್ಟ ಆ ಡಬ್ಬಿ ಗಾಡೀಲಿ ಇದ್ವಲ್ಲ. ನೀನು ಬೋಟಲ್ಲಿ ಆರಾಮಾಗಿದ್ದೆ. ಒಳಗಿದ್ದೋರು ನಾನು, ನಿಮ್ಮಮ್ಮ. ಒಬ್ರು ತಿರುಗ್ಬೇಕು ಅಂದ್ರೆ ಇನ್ನೊಬ್ರು ಆಚೆಗೆ ಹೋಗ್ಬೇಕಿತ್ತು. ಇನ್ನೊಂದ್ ಸಲ ನಿಮ್ಮಮ್ಮನ್ ಜೊತೆ ಆ ಡಬ್ಬೀಲಿ ಇರೋಕೆ ನನ್ ಕೈಲಾಗಲ್ಲ ವಿಟ್ನಿ."

ಕಿವಿ ಕೇಳದ ಮೆಮೇರ್‌ಗೆ ಇದು ಹೇಗೆ ಕೇಳಿಸಿತೋ. "ನನ್ ಕೈಲೂ ಆಗಲ್ಲ!" ಎಂದು ಕಿಟಕಿಯಿಂದ ಕೂಗಿದಳು. "ಅವಳು ಗೊರಕೆ ಹೊಡೀತಾಳೆ!"

ನದಿಯ ಮೇಲೆ ವಿಟ್ನಿ ನಕ್ಕದ್ದು ಎಂಜಿನ್ ಸದ್ದನ್ನೂ ಮೀರಿ ಕೇಳಿಸಿತು. "ತಗೋ," ಎಂದ ಕೊನೆಗೆ. "ಹಳೇ ಮೋಟಾರು ಇನ್ನೂ ಉಸಿರಾಡ್ತಿದೆ."

ಆದರೂ ದುಡ್ಡು ಸಾಲಲಿಲ್ಲ. ಈ ಕೆಲಸ ಬಲ್ಲ ಸೂರಿನ ಗುತ್ತಿಗೆದಾರ ವಿಲ್ಮರ್ ಅಂಟೂನೆಸ್. ಹೊಂಡುರಾಸ್‌ನಿಂದ ಬಂದು ಇಪ್ಪತ್ತು ವರ್ಷದಿಂದ ಇಲ್ಲೇ ಬೇರೂರಿದವನು. ಅವನು ಏಣಿ ಹಾಕಿ ಅಳತೆ ತೆಗೆದು, ಬೆಲೆ ಹೇಳಿ, ವರ್ಲೀನಳ ಮುಖ ಬಾಡಿದ್ದನ್ನು ಕಂಡು ತಾನೇ ಸಂಕೋಚಪಟ್ಟ.

"ಒಂದು ಮನೆಗೆ ಇಷ್ಟು ದೂರ ಜನ ಕರ್ಕೊಂಡು ಬರ್ಬೇಕು ಮಿಸ್ ವರ್ಲೀನ್. ಕಸದ ಡಬ್ಬಿ ತರ್ಬೇಕು, ಸಾಮಾನು ಲಾರಿ ತರ್ಬೇಕು. ಸಾಲಾಗಿ ಏಳೆಂಟು ಮನೆ ಇದ್ದಿದ್ರೆ ಕಡಿಮೆಗೆ ಮಾಡ್ಕೊಡ್ಬೋದಿತ್ತು."

ಅವನು ಹೇಳಿದ್ದು ಮಾತಿಗೆ. ವರ್ಲೀನ್ ಹಿಡಿದುಕೊಂಡದ್ದು ಗಟ್ಟಿಯಾಗಿ. "ಎಂಟು ಮನೆ ಆದ್ರೆ ಎಷ್ಟು?" ಎಂದಳು. ವಿಲ್ಮರ್ ಏಣಿಯ ಮೇಲೆ ಪೆನ್ಸಿಲಿನಿಂದ ಲೆಕ್ಕ ಹಾಕಿ ತೋರಿಸಿದ. ವಿಟ್ನಿಯ ಮೋಟಾರಿನ ದುಡ್ಡು ಅದಕ್ಕೆ ಸರಿಹೋಗುತ್ತಿತ್ತು.

ಆವತ್ತಿನಿಂದ ಪಾರ್ಲರಿನಲ್ಲಿ ಸೂರಿನ ಮಾತು ಬಿಟ್ಟು ಬೇರೆ ಮಾತಿಲ್ಲ. ವರ್ಲೀನ್ ಒಂದು ಉಪಾಯ ಕಂಡುಕೊಂಡಿದ್ದಳು. ಕುರ್ಚಿಯಲ್ಲಿ ಕೂತಾಗ ಹೇಳಿದರೆ ಹೆಂಗಸರು ಎದುರುತ್ತರ ಕೊಡುತ್ತಾರೆ. ತಲೆ ತೊಳೆಯುವ ಬೋಗುಣಿಗೆ ಕತ್ತು ಒರಗಿಸಿ, ಕಣ್ಣು ಮುಚ್ಚಿ, ನೊರೆಯಲ್ಲಿ ಮುಳುಗಿದವರು ಸುಮ್ಮನೆ ಕೇಳಲೇಬೇಕು. ಬಿಸಿನೀರು ಬಿಡುತ್ತಾ, ನೆತ್ತಿ ಉಜ್ಜುತ್ತಾ, ಗೀರುಮೊಳೆಯ ಮಹಿಮೆ, ಅಂಟುಪಟ್ಟಿಯ ಮಹಿಮೆ, ಕಡಿಮೆಯಾಗುವ ಕಂತು, ಎಲ್ಲವನ್ನೂ ಅವಳು ಮೆಲ್ಲಗೆ ಇಳಿಸುತ್ತಿದ್ದಳು. ಒಪ್ಪುವವರೆಗೆ ನೊರೆ ತೊಳೆಯುತ್ತಿರಲಿಲ್ಲ ಎಂದು ಆಮೇಲೆ ಕೆಲವರು ದೂರಿದರು. ವರ್ಲೀನ್ ಅದನ್ನು ಅಲ್ಲಗಳೆಯಲಿಲ್ಲ.

ಒಬ್ಬೊಬ್ಬರಾಗಿ ಆರು ಮನೆಯವರು ಒಪ್ಪಿದರು, ಅವಳದೂ ಸೇರಿ ಏಳಾಯಿತು. ಎಂಟನೆಯದು ಓಡಲೀಯದೇ. ಅವಳು ಜಗ್ಗಲಿಲ್ಲ.

"ನನ್ ಸೂರಿಗೇನಾಗಿದೆ? ಕಳೆದ ಸಲ ಗೋಡೆ ಹೋಯ್ತು, ಸೂರು ಉಳೀತು. ಬೇಕಾದ್ರೆ ಗೋಡೆಗೆ ಸರ್ಟಿಫಿಕೇಟ್ ಕೊಡ್ಸು."

"ಆ ವಿಲ್ಮರ್‌ನ ಒಂದ್ ಸಲ ಮೇಲೆ ಹತ್ತಿಸಿ ನೋಡು. ನೋಡೋಕೆ ದುಡ್ಡಿಲ್ಲ."

ವಿಲ್ಮರ್ ಹತ್ತಿದ. ಸ್ವಲ್ಪ ಹೊತ್ತಿಗೆ ಕೆಳಗಿಳಿದು ಬಂದು ಅಂಗೈ ಬಿಚ್ಚಿದ. ಹತ್ತಾರು ಮೊಳೆಗಳಿದ್ದವು. ಒಂದನ್ನೂ ಸುತ್ತಿಗೆ ಹಚ್ಚಿ ಕೀಳಲಿಲ್ಲ, ಬೆರಳಲ್ಲೇ ಎತ್ತಿಕೊಂಡೆ ಎಂದ. ಓಡಲೀ ಆ ಮೊಳೆಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇಷ್ಟು ದಿನ ಅದು ಮರ್ಯಾದೆಗೆ ಮಾತ್ರ ಅಲ್ಲಿ ಕೂತಿತ್ತಾ?" ಎಂದಳು. ಮರುವಾರ ದುಡ್ಡು ತಂದುಕೊಟ್ಟಳು.

ಜುಲೈ ತಿಂಗಳಿಡೀ ರಸ್ತೆಯಲ್ಲಿ ಸುತ್ತಿಗೆಯ ಸದ್ದು. ವಿಲ್ಮರನ ಕೆಲಸಗಾರರು ಬೆಳಕು ಹರಿಯುವ ಮುಂಚೆ ಹತ್ತಿ, ಬಿಸಿಲು ಕಾದಾಗ ಇಳಿದು, ವರ್ಲೀನಳ ಮನೆಯ ಕೆಳಗಿನ ನೆರಳಲ್ಲಿ ಊಟ ಮಾಡುತ್ತಿದ್ದರು. ಪರೀಕ್ಷೆ ಮಾಡುವವನು ಡ್ರೋನ್ ಹಾರಿಸಿದ ಮೊದಲ ದಿನ ದೊಡ್ಡ ರಾದ್ಧಾಂತವೇ ಆಯಿತು. ವಿಮಾನದ ಫೋಟೋದಿಂದ ಮನೆ ಕೈತಪ್ಪುವಂತಾಯಿತೆಂದು ಮೆಮೇರ್ ಆಕಾಶದಲ್ಲಿ ಹಾರುವ ಎಲ್ಲದರ ಮೇಲೂ ಹಗೆ ಸಾಧಿಸುತ್ತಿದ್ದಳು. ಗಿಡಕ್ಕೆ ನೀರು ಹಾಕುವ ಪೈಪು ಎತ್ತಿ ಡ್ರೋನಿಗೆ ಗುರಿಯಿಟ್ಟಳು. ಡ್ರೋನು ತಪ್ಪಿಸಿಕೊಂಡಿತು, ಪರೀಕ್ಷೆ ಮಾಡುವವನು ತಪ್ಪಿಸಿಕೊಳ್ಳಲಿಲ್ಲ.

"ಮೆಮೇರ್! ಇದು ನಮ್ ಕಡೆಯದು!" ಎಂದು ವರ್ಲೀನ್ ಓಡಿ ಬಂದು ಪೈಪು ಕಸಿದುಕೊಂಡಳು.

"ನಮ್ ಕಡೆಯದಾದ್ರೆ ಬಾಗಿಲಿಗೆ ಬಂದು ತಟ್ಟಬೇಕಿತ್ತು," ಎಂದಳು ಮೆಮೇರ್. ಒದ್ದೆಯಾದವನಿಗೆ ಅವಳೇ ಒಣ ಟವೆಲು, ಕಾಫಿ ಕೊಟ್ಟಳು. ಕಾಫಿ ಎಷ್ಟು ಗಟ್ಟಿಯಿತ್ತೆಂದರೆ ಆತ ಮಧ್ಯಾಹ್ನದೊಳಗೆ ಮೂರು ಮನೆಯ ಪರೀಕ್ಷೆ ಮುಗಿಸಿದ.

ಆಗಸ್ಟ್ ಕೊನೆಯ ವಾರ ಎಂಟೂ ಮನೆಗಳ ಸರ್ಟಿಫಿಕೇಟು ಬಂತು. ಅದೇ ದಿನ ಬೆಳಿಗ್ಗೆ ಟೆಕ್ಲಾಳ ಫೋನೂ ಬಂತು.

"ಮಿಸ್ ವರ್ಲೀನ್, ಟಿವಿ ನೋಡಿದ್ರಾ? ಕೊಲ್ಲಿಯ ಕೆಳಗೆ ಒಂದು ಮೋಡದ ಗುಂಪು ಸುತ್ತೋಕೆ ಶುರು ಮಾಡಿದೆ. ಅದಕ್ಕೆ ಹೆಸರಿಟ್ಟ ತಕ್ಷಣ ಕಂಪನಿಯೋರು ಹೊಸ ಪಾಲಿಸಿ ನಿಲ್ಲಿಸ್ತಾರೆ. ಅದು ಹೋಗೋವರ್ಗೂ ಯಾರಿಗೂ ಕೊಡಲ್ಲ. ನಿಮ್ ಹಳೇದು ಭಾನುವಾರಕ್ಕೆ ಮುಗಿಯುತ್ತೆ. ಸಾಯಂಕಾಲ ನಾಲ್ಕಕ್ಕೆ ಹವಾಮಾನದೋರು ಮತ್ತೆ ಹೇಳ್ತಾರೆ. ಅಷ್ಟ್ರೊಳಗೆ ಎಲ್ಲರ ಸಹಿ ಬೇಕು."

ವಿಷಯ ಕೇಳಿದ್ದೇ ಮೆಮೇರ್ ಜಪಮಾಲೆ ಕೈಗೆತ್ತಿಕೊಂಡು, ತಡಮಾಡದೆ ನೆರವಿಗೆ ಬರುವ ಮಾತೆಗೆ ಮೊರೆಯಿಟ್ಟಳು. "ತಾಯೀ, ಅದು ಎಲ್ಲಿಗಾದ್ರೂ ಹೋಗ್ಲಿ, ನಾಲ್ಕು ಗಂಟೆವರ್ಗೂ ಯಾರೂ ಅದಕ್ಕೆ ನಾಮಕರಣ ಮಾಡದ ಹಾಗೆ ನೋಡ್ಕೋ."

ವರ್ಲೀನ್ ಪಾರ್ಲರಿಗೆ ಬೀಗ ಹಾಕಿದಳು. ಮನೆ ಮನೆಗೆ ಹೋಗಿ ಒಬ್ಬೊಬ್ಬರ ಫೋನಿನಲ್ಲೂ ಟೆಕ್ಲಾ ಕಳಿಸಿದ್ದನ್ನು ತೆರೆಸಿ, ಬೆರಳಿನಿಂದ ಸಹಿ ಹಾಕಿಸಿದಳು. ಒಬ್ಬಳು ಕನ್ನಡಕ ಹುಡುಕಿದಳು. ಇನ್ನೊಬ್ಬಳು ಗಂಡ ಏಳಲಿ ಎಂದಳು. ವರ್ಲೀನ್ ಹೋಗಿ ಅವನನ್ನು ಎಬ್ಬಿಸಿದಳು. ಎರಡು ಗಂಟೆಯ ಹೊತ್ತಿಗೆ ಓಡಲೀ ಒಬ್ಬಳನ್ನು ಬಿಟ್ಟು ಎಲ್ಲರದೂ ಆಯಿತು. ಓಡಲೀ ಮನೆಯಲ್ಲಿಲ್ಲ. ಏಡಿ ಬುಟ್ಟಿ ಎತ್ತಲು ಹೋಗಿದ್ದಳು. ಫೋನ್ ಎತ್ತುತ್ತಿಲ್ಲ.

ವಿಟ್ನಿ ಆಗ ಮನೆಯಲ್ಲಿದ್ದ. "ಬಿರುಗಾಳಿ ಬರ್ತಿದೆ ಅಂದ್ರೆ ಬುಟ್ಟಿ ಕಳ್ಕೋತೀನಿ ಅಂತ ಎಲ್ಲಾನೂ ಎತ್ತೋಕೆ ಹೋಗಿರ್ತಾಳೆ. ಬಾ," ಎಂದು ದೋಣಿ ಬಿಚ್ಚಿದ.

ಗಂಡ ಹೆಂಡತಿ ಇಬ್ಬರೂ ಬಯೂ ದಾಟಿ ಕೆರೆಯಗಲದ ನೀರಿಗೆ ಬರುವಷ್ಟರಲ್ಲಿ ಹಳೆಯ ಮೋಟಾರು ಕೆಮ್ಮಿ, ಹೊಗೆಯುಗುಳಿ, ನಿಂತೇಬಿಟ್ಟಿತು.

"ಹೊಸಾ ಮೋಟಾರ್ ಇದ್ದಿದ್ರೆ…" ಎಂದು ವಿಟ್ನಿ ಶುರುಮಾಡಿದ.

"ಬಾಯ್ ಮುಚ್ಕೊಂಡು ಹಗ್ಗ ಎಳಿ."

ಅವನು ಎಳೆದ. ಅವಳೂ ಎಳೆದಳು. ಮೋಟಾರನ್ನು ವರ್ಲೀನ್ ಶಾ ಎಂದೂ ಕರೆದಳು, ಬೇರೆ ಮಾತುಗಳಿಂದಲೂ ಕರೆದಳು. ಕೊನೆಗೆ ಯಾವ ಮಾತಿಗೆ ಮನಸೋತಿತೋ, ಒಮ್ಮೆ ಗುಡುಗಿ ಹೊರಟಿತು. ಜೊಂಡಿನ ತಿರುವಿನಲ್ಲಿ ಓಡಲೀಯ ದೋಣಿ ಕಾಣಿಸಿತು. ಬುಟ್ಟಿಗಳ ಗುಡ್ಡೆಯ ನಡುವೆ ಅವಳು ಮೊಣಕೈವರೆಗೂ ಕೆಸರಾಗಿ ನಿಂತಿದ್ದಳು.

"ಏನಾಯ್ತು? ಯಾರಾದ್ರೂ ಸತ್ರಾ?" ಎಂದು ಕೂಗಿದಳು.

"ಇಲ್ಲ! ಸಹಿ ಹಾಕು!"

ವರ್ಲೀನ್ ಒಂದು ಕಾಲು ಈ ದೋಣಿಯಲ್ಲಿ, ಒಂದು ಕಾಲು ಆ ದೋಣಿಯಲ್ಲಿ ಇಟ್ಟು ಫೋನ್ ಮುಂದೆ ಹಿಡಿದಳು. ಓಡಲೀಯ ಒದ್ದೆ ಬೆರಳನ್ನು ಫೋನು ಒಪ್ಪಲಿಲ್ಲ. ಎಷ್ಟು ಉಜ್ಜಿದರೂ ಗೆರೆ ಮೂಡಲಿಲ್ಲ. ಓಡಲೀ ಅತ್ತಿತ್ತ ನೋಡಿ, ಒಣಗಿದ್ದೆಂದರೆ ಅದೊಂದೇ ಎಂದು ವಿಟ್ನಿಯ ಅಂಗಿಯನ್ನು ಹಿಡಿದೆಳೆದು, ಎರಡೂ ಕೈ ಚೆನ್ನಾಗಿ ಒರೆಸಿಕೊಂಡಳು.

"ಇದು ಹೊಸಾ ಅಂಗಿ!"

"ಇದಕ್ಕೂ ಇನ್ಶೂರೆನ್ಸ್ ಮಾಡ್ಸು," ಎಂದು ಓಡಲೀ ಸಹಿ ಹಾಕಿದಳು.

ಜೊಂಡಿನ ನಡುವೆ ಫೋನಿಗೆ ಸಿಗ್ನಲ್ ಸಾಲದೆ ಸಹಿ ಹೋಗಲೊಲ್ಲದು. ಮೂವರೂ ಎರಡು ದೋಣಿಗಳನ್ನು ಕಟ್ಟಿಕೊಂಡು ಬಯೂ ಬಾಯಿಯವರೆಗೆ ಬಂದರು. ವರ್ಲೀನ್ ಏಡಿ ಬುಟ್ಟಿಗಳ ಗುಡ್ಡೆ ಹತ್ತಿ ಕೈಯೆತ್ತಿ ಹಿಡಿದಳು. ಬುಟ್ಟಿಯೊಳಗಿನ ಏಡಿಯೊಂದು ಅವಳ ಚಪ್ಪಲಿಯನ್ನು ಹಿಡಿದುಕೊಂಡಿತು. ಅವಳು ಬಿಡಿಸಿಕೊಳ್ಳಲೂ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಫೋನು ರಿಂಗಾಯಿತು.

"ಬಂತು ಮಿಸ್ ವರ್ಲೀನ್," ಎಂದಳು ಟೆಕ್ಲಾ. ಅವಳ ದನಿಯಲ್ಲೂ ಏದುಸಿರು. "ಎಂಟೂ ಬಂತು. ಎಂಟೂ ಆಯ್ತು."

ವರ್ಲೀನ್ ಅಲ್ಲೇ, ಬುಟ್ಟಿಗಳ ಮೇಲೆ, ಕುಸಿದು ಕೂತಳು. ನಗಬೇಕೆಂದುಕೊಂಡವಳಿಗೆ ಅಳು ಬಂತು. ಡಬ್ಬಿ ಗಾಡಿಯಲ್ಲಿ ಕಳೆದ ಆ ತಿಂಗಳುಗಳಲ್ಲಿ ಅವಳು ಒಂದು ದಿನವೂ ಅತ್ತಿರಲಿಲ್ಲ. ಓಡಲೀ ಕೆಸರು ಕೈಯಲ್ಲೇ ಅವಳ ಬೆನ್ನು ಸವರಿದಳು. ವಿಟ್ನಿ ಬಗ್ಗಿ, ಚಪ್ಪಲಿಯಿಂದ ಏಡಿಯನ್ನು ಬಿಡಿಸಿ ನೀರಿಗೆ ಹಾಕಿದ.

ನಾಲ್ಕು ಗಂಟೆಗೆ ಹವಾಮಾನದವರು ಬಿರುಗಾಳಿಗೆ ಹೆಸರಿಟ್ಟರು. ಅದು ಎರಡು ದಿನ ಕೊಲ್ಲಿಯಲ್ಲಿ ಅಲೆದಾಡಿ, ಮನಸ್ಸು ಬದಲಿಸಿ, ಮೆಕ್ಸಿಕೋ ಕಡೆಗೆ ಹೋಗಿ ಮಳೆಯಾಗಿ ಕರಗಿತು. ಶೋವೆನ್‌ಗೆ ಒಂದು ಜೋರು ಗಾಳಿ, ಒಂದು ಜೋರು ಮಳೆ ಬಂದು ಹೋಯಿತು. ಎಂಟು ಮನೆಯವರೂ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು.

ಟೆಕ್ಲಾ ಆಮೇಲೆ ವರ್ಲೀನಳನ್ನು ತನ್ನ ಆಫೀಸಿಗೆ ಕೆಲಸಕ್ಕೆ ಕರೆದಳು. ಕಾಲುವೆಯ ಈಚೆಗೆ ಇವಳಷ್ಟು ಪಾಲಿಸಿ ಮಾಡಿಸಿದವರು ಯಾರೂ ಇಲ್ಲ ಎಂದಳು. "ಹತ್ತು ಗಂಟೆಗೆ ಒಬ್ಬರ ಕೂದಲಿಗೆ ಸುರುಳಿ ಸುತ್ತೋದಿದೆ ಶಾ," ಎಂದು ವರ್ಲೀನ್ ನಕ್ಕು ತಳ್ಳಿಹಾಕಿದಳು. ಆದರೆ ಬಯೂ ಆಚೆಯ ರಸ್ತೆಯವರು ಮೆಟ್ಟಿಲು ಹತ್ತಿ ಬಂದು ಸೂರಿನ ವಿಷಯ ಕೇಳಿದಾಗ ಅವರನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಚಳಿಗಾಲದೊಳಗೆ ವಿಲ್ಮರ್ ಆ ರಸ್ತೆಯಲ್ಲೂ ಏಣಿ ಹಾಕಿದ.

ಅಕ್ಟೋಬರಿನ ಒಂದು ಭಾನುವಾರ, ಸೆಕೆ ಇಳಿದ ಮೇಲೆ, ಎಂಟು ಮನೆಯವರೂ ಸೇರಿ ವಿಲ್ಮರ್ ಮತ್ತವನ ಕೆಲಸಗಾರರನ್ನು ಹೆಂಡತಿ ಮಕ್ಕಳ ಸಮೇತ ಊಟಕ್ಕೆ ಕರೆದರು. ಓಡಲೀ ಏಡಿ ತಂದಳು. ವರ್ಲೀನ್ ದೊಡ್ಡ ಪಾತ್ರೆಯಲ್ಲಿ ಗಂಬೋ ಸಾರು ಕುದಿಸಿದಳು. ವಿಲ್ಮರನ ಹೆಂಡತಿ ಬಿಸಿ ರೊಟ್ಟಿಯೊಳಗೆ ಬೀನ್ಸ್ ಕಾಳಿನ ಪಲ್ಯ ಮತ್ತು ಚೀಸ್ ಮಡಚಿ ತಂದಿದ್ದಳು. ಅದು ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ಯಾರೋ ಅಕಾರ್ಡಿಯನ್ ತಂದರು. ಮನೆಯ ಕೆಳಗಿನ ಸಿಮೆಂಟಿನ ನೆಲದ ಮೇಲೆ ಮಕ್ಕಳೂ ಮುದುಕರೂ ಕುಣಿದರು. ಮೆಮೇರ್ ಎನೊಲಿಯಾ ತನ್ನ ಹಳೆಯ ಫ್ರೆಂಚಿನಲ್ಲಿ ವಿಲ್ಮರನ ಅತ್ತೆಯ ಜೊತೆ ಮಾತಿಗೆ ಕೂತಳು. ಆಕೆ ಸ್ಪ್ಯಾನಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಇಬ್ಬರಲ್ಲಿ ಒಬ್ಬಳಿಗೂ ಇನ್ನೊಬ್ಬಳ ಭಾಷೆ ಬರುತ್ತಿರಲಿಲ್ಲ. ಆದರೂ ಒಂದು ತಾಸು ಮಾತಾಡಿದರು, ತೊಡೆ ತಟ್ಟಿಕೊಂಡು ನಕ್ಕರು.

"ಏನ್ ಹೇಳಿದ್ಳು ಮೆಮೇರ್?" ಎಂದು ವರ್ಲೀನ್ ಕೇಳಿದಳು.

"ಅವಳ ಅಳಿಯ ಒಳ್ಳೇ ಹುಡುಗ, ಆದ್ರೆ ಮಾತು ಜಾಸ್ತಿ ಅಂತೆ," ಎಂದಳು ಮೆಮೇರ್, ಇನ್ನೊಂದು ಏಡಿಯ ಕಾಲು ಮುರಿಯುತ್ತಾ.